ಕೇಳಿದ್ದಕ್ಕೆ ಹೇಳಿದ್ದು: ಅಪ್ಪ ಹೋಗಿಬಂದ ದಾರಿಗಳು

ಕಳೆದ ಎರಡು ತಿಂಗಳಲ್ಲಿ ಈ ಅಂಕಣಕ್ಕೆ ಬಂದ ಕಾಗದಗಳಲ್ಲಿ ನಾಲ್ಕು ಒಂದೇ ವಿಷಯಕ್ಕೆ ಸೇರಿದವು. ತೀರಿಕೊಂಡವರು ಬದುಕಿದ್ದಾಗ ಮಾಡಿದ ತಿರುಗಾಟವನ್ನು ಹಿಡಿದು ಅವರನ್ನು ನೆನೆಯುವುದು ಹೇಗೆಂದು ನಾಲ್ವರೂ ಬೇರೆ ಬೇರೆ ಮಾತುಗಳಲ್ಲಿ ಕೇಳಿದ್ದಾರೆ. ಆದ್ದರಿಂದ ಈ ಸಲದ ಪುಟಗಳನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ. ಬರೆದವರ ಹೆಸರುಗಳನ್ನು ಅವರ ಇಚ್ಛೆಯಂತೆ ಬಿಟ್ಟಿದ್ದೇನೆ.

ಪ್ರಶ್ನೆ: ನಮ್ಮ ತಂದೆ ಹೋದ ವರ್ಷದ ಆಷಾಢದಲ್ಲಿ ತೀರಿಕೊಂಡರು. ಈ ಆಷಾಢದಲ್ಲಿ ವರ್ಷಾಂತಿಕವೂ ಮುಗಿಯಿತು. ಆಮೇಲೆ ಅವರ ಮಂಚದ ಕೆಳಗಿದ್ದ ತಗಡಿನ ಟ್ರಂಕನ್ನು ತೆರೆದೆವು. ಇಪ್ಪತ್ತಾರು ಕಿಸೆ ಡೈರಿಗಳು, ದಾರ ಸುತ್ತಿದ ರೈಲಿನ ರಟ್ಟಿನ ಟಿಕೆಟ್ಟುಗಳು, ಬಸ್ಸಿನ ಚೀಟಿಗಳು ಇದ್ದವು. ಡೈರಿಗಳಲ್ಲಿ ಊರು, ದಿನಾಂಕ, ಖರ್ಚು ಬಿಟ್ಟರೆ ಬೇರೇನೂ ಇಲ್ಲ. ‘ತೀರ್ಥಹಳ್ಳಿ. ಬಸ್ಸು 3-40. ಬಾಳೆಹಣ್ಣು 1-00. ಬಳೆ 2-00. ತಂಗಿಗೆ 10-00’ ಎಂಬಂಥ ಸಾಲುಗಳೇ ಎಲ್ಲ. ಮನಸ್ಸಿನ ಮಾತು ಒಂದೂ ಇಲ್ಲವಲ್ಲ ಎಂದು ನನಗೆ ಬಹಳ ಬೇಸರವಾಯಿತು. ಪ್ರತಿ ವರ್ಷ ಒಂದು ದಿನ ‘ಕೂಡ್ಲಿ’ ಎಂದಷ್ಟೇ ಬರೆದಿದ್ದಾರೆ: 1972ರ ಫೆಬ್ರುವರಿ 1, 1973ರ ಫೆಬ್ರುವರಿ 19, 1974ರ ಫೆಬ್ರುವರಿ 8. ಆ ಊರಿನಲ್ಲಿ ನಮಗೆ ನೆಂಟರಿಲ್ಲ. ಅಪ್ಪನ ಮೂವರು ತಂಗಿಯರಲ್ಲಿ ತೀರ್ಥಹಳ್ಳಿ ಕಡೆಯ ಚಿಕ್ಕತ್ತೆ ಮಾತ್ರ ಈಗ ಇದ್ದಾರೆ. ಅಣ್ಣಂದಿರು ಫೋಟೊಗಳನ್ನು ಸೇರಿಸಿ ಸ್ಮರಣಪುಸ್ತಕ ಅಚ್ಚು ಹಾಕಿಸೋಣ ಎನ್ನುತ್ತಾರೆ. ನನಗೆ ಮಕ್ಕಳನ್ನು ಕರೆದುಕೊಂಡು ಅಪ್ಪ ಹೋದ ಊರುಗಳಿಗೆಲ್ಲ ಹೋಗಿಬರಬೇಕೆಂದಿದೆ. ಎಲ್ಲಿಂದ ಶುರು ಮಾಡಲಿ?
– ಸಾಗರ ತಾಲ್ಲೂಕಿನ ಓದುಗರು

ಉತ್ತರ: ನೀವು ಕಳಿಸಿದ ಪುಟಗಳ ನಕಲನ್ನು ಎರಡು ಸಂಜೆ ಕುಳಿತು ಓದಿದ್ದೇನೆ. ಮನಸ್ಸಿನ ಮಾತಿಲ್ಲ ಎಂದಿದ್ದೀರಿ. ನನಗೆ ಹಾಗೆ ಅನ್ನಿಸಲಿಲ್ಲ. ತೀರ್ಥಹಳ್ಳಿ, ಬೀರೂರು, ಶಿರಸಿಗಳಿಗೆ ಅವರು ಹೋದ ದಿನಗಳನ್ನು ಒಂದು ಹಾಳೆಯ ಮೇಲೆ ತಿಂಗಳವಾರು ಬರೆದುಕೊಂಡು ನೋಡಿದೆ. ಈ ಮೂರೂ ಊರುಗಳು ಒಂದರ ಹಿಂದೊಂದು ಬರುವುದು ವರ್ಷಕ್ಕೆ ಒಂದೇ ಸಲ, ಅದೂ ಗೌರಿ ಹಬ್ಬಕ್ಕೆ ಮುಂಚಿನ ವಾರದಲ್ಲಿ. ಬಳೆಯ ಲೆಕ್ಕ ಕಾಣಿಸುವುದೂ ಆ ವಾರದಲ್ಲೇ. ಅಂದರೆ ನಿಮ್ಮ ತಂದೆ ಮೂವರು ತಂಗಿಯರಿಗೂ ತವರಿನ ಬಾಗಿನವನ್ನು ತಾವೇ ಹೊತ್ತುಕೊಂಡು ಹೋಗುತ್ತಿದ್ದರು. ಗೌರಿ ಹಬ್ಬದ ದುಡ್ಡನ್ನು ಮನಿಯಾರ್ಡರ್ ಮಾಡಿ ಸುಮ್ಮನಾಗುವ ಅಣ್ಣತಮ್ಮಂದಿರು ಆಗಲೂ ಬೇಕಾದಷ್ಟಿದ್ದರು, ಅದನ್ನು ಯಾರೂ ತಪ್ಪೆಂದೂ ಹೇಳುತ್ತಿರಲಿಲ್ಲ. ಆ ಹೊತ್ತಿನ ಮಲೆನಾಡು ಹೇಗಿರುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಮಳೆ ಬಿಟ್ಟಿರುವುದಿಲ್ಲ, ಹಳ್ಳದ ಮೇಲಿನ ಸಂಕ ದಾಟುವಾಗ ಕೆಳಗೆ ಕೆನ್ನೀರು, ತೋಟದಲ್ಲಿ ಅಡಿಕೆಗೆ ಕೊಳೆರೋಗ ಬೀಳುವ ಹೆದರಿಕೆ. ಬಿಸಿಲು ಇಣುಕಿದ ದಿನವೇ ಅದನ್ನು ತಡೆಯುವ ಬೋರ್ಡೋ ದ್ರಾವಣ ಹೊಡೆಸದಿದ್ದರೆ ವರ್ಷದ ಫಸಲೇ ನೆಲಕ್ಕೆ ಬೀಳುತ್ತದೆ. ಅಂಥ ವಾರದಲ್ಲಿ ಅಡಿಕೆ ಬೆಳೆಗಾರನೊಬ್ಬ ತೋಟವನ್ನು ಬಿಟ್ಟು ನಾಲ್ಕೈದು ದಿನ ಬಸ್ಸು, ರೈಲುಗಳಲ್ಲಿ ಕಳೆದನೆಂದರೆ ಅದಕ್ಕಿಂತ ಹೆಚ್ಚಿನ ಮನಸ್ಸಿನ ಮಾತು ಯಾವುದಿದೆ?

ಇನ್ನೊಂದು ಸಣ್ಣ ಸಂಗತಿ ನಿಮ್ಮ ಕಣ್ಣಿಗೆ ಬಿದ್ದಿದೆಯೋ ಇಲ್ಲವೋ ತಿಳಿಯದು. 1971ರ ಪುಟದಲ್ಲಿ ಬಳೆಯ ಮುಂದೆ ಪೆನ್ಸಿಲಿನಲ್ಲಿ ‘ಹಸಿರು, ಎರಡು ನಾಲ್ಕು’ ಎಂದಿದೆ. 1974ರಲ್ಲಿ ಅದೇ ತೀರ್ಥಹಳ್ಳಿಯ ಸಾಲಿನಲ್ಲಿ ‘ಎರಡು ನಾಲ್ಕು’ ಎಂದು ಬರೆದು, ಹೊಡೆದುಹಾಕಿ, ಮೇಲೆ ‘ಎರಡು ಆರು’ ಎಂದು ತಿದ್ದಿದ್ದಾರೆ. ಬಳೆ ತೊಡುವ ಹೆಂಗಸರಿಗೆ ಈ ಲೆಕ್ಕ ಕೂಡಲೇ ಅರ್ಥವಾಗುತ್ತದೆ. ನಡುವಿನ ವರ್ಷಗಳಲ್ಲಿ ಚಿಕ್ಕತ್ತೆಯ ಕೈ ತುಂಬಿಕೊಂಡಿದೆ, ಬಹುಶಃ ಬಾಣಂತನವಾಗಿದೆ. ಹಳೆಯ ಅಳತೆಯ ಬಳೆ ಕೈಗೆ ಏರಲಿಲ್ಲವೆಂಬುದನ್ನು ಅಣ್ಣ ಕಂಡು, ಮುಂದಿನ ಸಲ ತಪ್ಪಬಾರದೆಂದು ಗುರುತು ಹಾಕಿಕೊಂಡಿದ್ದಾನೆ. ಮಾತಿನಲ್ಲಿ ಬಿಗಿಯಾಗಿದ್ದ ಆ ಕಾಲದ ಗಂಡಸರು ತಮ್ಮ ಅಕ್ಕರೆಯನ್ನು ಇಟ್ಟುಹೋದದ್ದು ಇಂಥ ಲೆಕ್ಕದ ಸಾಲುಗಳಲ್ಲಿ. ಅವರ ಡೈರಿಯನ್ನು ಓದುವಾಗ ನೀವು ಭಾವಗೀತೆಯನ್ನು ಹುಡುಕಬೇಡಿ, ಖರ್ಚಿನ ಕಾಲಮನ್ನು ನಿಧಾನವಾಗಿ ನೋಡಿ.

ಇನ್ನು ಕೂಡ್ಲಿ. ಈ ಮೂರು ದಿನಾಂಕಗಳನ್ನು ನೋಡಿದಾಗ ನನಗೆ ಏನೋ ಹೊಳೆದು ಹಳೆಯ ಪಂಚಾಂಗದ ಲೆಕ್ಕ ಹಾಕಿದೆ. ಮೊದಲ ಎರಡರ ನಡುವೆ 384 ದಿನ, ಮುಂದಿನ ಎರಡರ ನಡುವೆ 354 ದಿನ. ನಮ್ಮ ಚಾಂದ್ರಮಾನದ ವರ್ಷ 354 ದಿನಗಳದ್ದು. ಅಧಿಕ ಮಾಸ ಬಂದ ವರ್ಷ ಅದು ಒಂದು ತಿಂಗಳು ಹಿಗ್ಗುತ್ತದೆ, ಮತ್ತು 1972ರಲ್ಲಿ ವೈಶಾಖ ಅಧಿಕವಾಗಿತ್ತು. ಮೂರೂ ದಿನಗಳು ಮಾಘ ಮಾಸದ ಹುಣ್ಣಿಮೆ ಕಳೆದ ಬಿದಿಗೆಯ ಆಸುಪಾಸಿಗೆ ಬರುತ್ತವೆ. ಹಾಗಾದರೆ ನಿಮ್ಮ ತಂದೆ ಕೂಡ್ಲಿಗೆ ಹೋಗುತ್ತಿದ್ದುದು ತಾರೀಕನ್ನು ನೋಡಿಕೊಂಡಲ್ಲ, ತಿಥಿಯನ್ನು ನೋಡಿಕೊಂಡು. ಉಳಿದ ವರ್ಷಗಳ ದಿನಾಂಕಗಳನ್ನೂ ಹೀಗೆಯೇ ತಾಳೆ ನೋಡಿ. ನಿಮ್ಮ ಪುರೋಹಿತರ ಬಳಿ ಹಳೆಯ ಪಂಚಾಂಗಗಳಿದ್ದರೆ ಅರ್ಧ ಗಂಟೆಯ ಕೆಲಸ. ಶಿವಮೊಗ್ಗದಿಂದ ಸುಮಾರು 16 ಕಿಲೋಮೀಟರ್ ದೂರದ ಆ ಸಂಗಮದಲ್ಲಿ ತುಂಗೆಯೂ ಭದ್ರೆಯೂ ಕೂಡಿ ಒಂದೇ ಹೊಳೆಯಾಗುತ್ತವೆ. ನಮ್ಮ ಕಡೆಯ ಎಷ್ಟೋ ಮನೆಗಳವರು ಅಸ್ಥಿ ಬಿಡುವುದೂ ಪಿತೃಕಾರ್ಯ ಮಾಡುವುದೂ ಅಲ್ಲಿಯೇ. ನಿಮ್ಮ ತಂದೆ ಯಾರನ್ನೋ ನೆನೆಯುವುದಕ್ಕಾಗಿ ಪ್ರತಿ ವರ್ಷ ಒಬ್ಬರೇ ಅಲ್ಲಿಗೆ ಹೋಗಿಬರುತ್ತಿದ್ದರೆಂದು ನನಗೆ ತೋರುತ್ತದೆ. ಯಾರನ್ನು ಎಂಬುದನ್ನು ನಾನು ಊಹಿಸಲಾರೆ, ನೀವೂ ಊಹಿಸಲು ಹೋಗಬೇಡಿ. ಅದನ್ನು ಹೇಳಬಲ್ಲವರು ಚಿಕ್ಕತ್ತೆ ಒಬ್ಬರೇ.

ಆದ್ದರಿಂದ ಮೊದಲು ತೀರ್ಥಹಳ್ಳಿಗೆ ಹೋಗಿ. ಈ ವರ್ಷವೇ, ಗೌರಿ ಹಬ್ಬದ ಮುಂಚಿನ ವಾರದಲ್ಲೇ ಹೋಗಿ, ಮತ್ತು ದಯವಿಟ್ಟು ಅಣ್ಣಂದಿರನ್ನೂ ಕರೆದುಕೊಂಡು ಹೋಗಿ. ತವರಿನ ಬಾಗಿನ ಕೊಡಬೇಕಾದವರು ಈಗ ಅವರು. ಮೊರ, ಅರಿಶಿನ ಕುಂಕುಮ, ಕನ್ನಡಿ, ಬಾಚಣಿಗೆ, ಧಾನ್ಯ, ಕಾಯಿ, ರವಿಕೆ ಕಣ ಎಲ್ಲವೂ ಪೇಟೆಯಲ್ಲಿ ಒಟ್ಟಿಗೇ ಸಿಗುತ್ತವೆ. ಬಳೆಯನ್ನು ಮಾತ್ರ ಅಳತೆ ಕೇಳಿಕೊಂಡು ನೀವೇ ಆರಿಸಿ. ಅತ್ತೆ ಬಳೆ ತೊಡುವುದನ್ನು ಬಿಟ್ಟಿದ್ದರೆ ಒಂದು ಒಳ್ಳೆಯ ಹತ್ತಿಸೀರೆ ಇರಲಿ. ಸಾಧ್ಯವಾದರೆ ಕಾರಿನ ಬದಲು ಹೊಸನಗರದ ಮೇಲೆ ಬಸ್ಸಿನಲ್ಲೇ ಹೋಗಿ. ಮಕ್ಕಳಿಗೆ ಬೇಸರವಾದೀತು, ಆಗಲಿ. ಅಜ್ಜ ಮೊಣಕಾಲಿನ ಮೇಲೆ ಬಾಗಿನದ ಗಂಟನ್ನಿಟ್ಟುಕೊಂಡು ಎಷ್ಟು ಹೊತ್ತು ಕುಳಿತಿರುತ್ತಿದ್ದರೆಂಬುದು ಅವರಿಗೆ ಹಾಗಲ್ಲದೆ ತಿಳಿಯುವುದಿಲ್ಲ.

ಅಲ್ಲಿಗೆ ಹೋದ ಮೇಲೆ ಡೈರಿಯನ್ನು ಮೊದಲ ದಿನವೇ ತೆಗೆಯಬೇಡಿ. ಊಟವಾಗಲಿ, ಒಂದು ರಾತ್ರಿ ಅಲ್ಲೇ ಮಲಗಿ. ಮರುದಿನ ಅತ್ತೆ ಅಡಿಕೆ ಸುಲಿಯುತ್ತಲೋ ಬಾಳೆಲೆ ಒರೆಸುತ್ತಲೋ ಕುಳಿತಾಗ ಪಕ್ಕದಲ್ಲಿ ಕುಳಿತು, ಬಳೆಯ ಸಾಲನ್ನು ಓದಿ ಹೇಳಿ. ಕೂಡ್ಲಿಯ ಮಾತನ್ನು ಕೊನೆಗೆ, ಅವರೊಬ್ಬರೇ ಇರುವಾಗ ಕೇಳಿ. ಐವತ್ತು ವರ್ಷ ನಿಮ್ಮ ತಂದೆ ಮನೆಯಲ್ಲಿ ಆಡದ ಮಾತು ಅದು. ಅತ್ತೆ ಹೇಳಲು ಒಪ್ಪದಿದ್ದರೆ ಬಿಟ್ಟುಬಿಡಿ. ಹೇಳಿದರೆ ಆ ದಿನವೇ ಬರೆದಿಡಿ, ಮತ್ತು ಬರುವ ಮಾಘದಲ್ಲಿ ಮನೆಯ ಯಾರಾದರೊಬ್ಬರು ಕೂಡ್ಲಿಗೆ ಹೋಗಿಬನ್ನಿ. ನಿಮ್ಮ ತಂದೆಯಿಂದ ನಿಮಗೆ ಬಂದ ತೋಟ, ಮನೆಗಳ ಜೊತೆಗೆ ಈ ಒಂದು ದಿನವೂ ಬಂದಿದೆ ಎಂದು ನಾನು ತಿಳಿಯುತ್ತೇನೆ.

ಬೀರೂರಿನ ರೈಲನ್ನು ಎರಡನೆಯ ಪಯಣಕ್ಕೆ ಇಟ್ಟುಕೊಳ್ಳಿ. ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದದ್ದು 1899ರಲ್ಲಿ. ಅದೇ ಹಳಿ ಆನಂದಪುರ, ಸಾಗರಗಳನ್ನು ದಾಟಿ 1940ರ ಹೊತ್ತಿಗೆ ತಾಳಗುಪ್ಪ ಮುಟ್ಟಿತು. ನಿಮ್ಮ ತಂದೆ ಹತ್ತಿದ ಮೀಟರ್‌ಗೇಜ್ ಗಾಡಿ ಈಗಿಲ್ಲ. ನಡುವೆ ಕೆಲವು ವರ್ಷ ಒಂಟಿ ರೈಲ್‌ಬಸ್ ಓಡಿತು, 2011ರ ಹೊತ್ತಿಗೆ ತಾಳಗುಪ್ಪದವರೆಗೂ ಬ್ರಾಡ್‌ಗೇಜ್ ಆಯಿತು. ಆದರೆ ಅವರ ರಟ್ಟಿನ ಟಿಕೆಟ್ಟಿನ ಮೇಲಿರುವ ‘ಸಾಗರ ಜಂಬಗಾರು’ ಎಂಬ ಹೆಸರು ನಿಲ್ದಾಣದ ಫಲಕದ ಮೇಲೆ ಈಗಲೂ ಇದೆ. ಮಕ್ಕಳ ಕೈಯಲ್ಲಿ ಹಳೆಯ ಟಿಕೆಟ್ಟನ್ನು ಕೊಟ್ಟು ಆ ಫಲಕದ ಕೆಳಗೆ ನಿಲ್ಲಿಸಿ. ದಾರಿಯಲ್ಲಿ ಅರಸಾಳಿನ ಹಳೆಯ ನಿಲ್ದಾಣದ ಕಟ್ಟಡವನ್ನು ಸಂಗ್ರಹಾಲಯ ಮಾಡಿದ್ದಾರೆ. ಅಂಥ ಚಿಕ್ಕ ನಿಲ್ದಾಣಗಳಲ್ಲಿ ಗಾಡಿ ಕಾಯುವುದೆಂದರೆ ಹೇಗಿತ್ತೆಂದು ಅಲ್ಲಿ ನೋಡಿ ತಿಳಿಯಬಹುದು. ಬೀರೂರಿನಲ್ಲಿ ಅತ್ತೆ ಇಲ್ಲದಿದ್ದರೂ ಅವರ ಮಕ್ಕಳಿದ್ದಾರಲ್ಲ. ‘ಮಾವ ಬಂದ’ ಎಂದು ಓಡಿಬಂದು ಬಾಳೆಹಣ್ಣಿನ ಚೀಲಕ್ಕೆ ಕೈ ಹಾಕುತ್ತಿದ್ದವರು ಅವರೇ. ಅವರಿಗೆ ನಿಮ್ಮ ತಂದೆ ನಿಮಗಿಂತ ಬೇರೆಯೇ ಆದ ಮನುಷ್ಯ. ಮನೆಯಲ್ಲಿ ತೋಟ, ಸಾಲ, ಫೀಜುಗಳ ಚಿಂತೆಯ ಅಪ್ಪನಾಗಿದ್ದವರು ಅಲ್ಲಿ ವರ್ಷಕ್ಕೊಮ್ಮೆ ಬರುವ ಮಾವನಾಗಿದ್ದರು. ಆ ಮಾವನ ಪರಿಚಯ ನಿಮಗೆ ಇನ್ನೂ ಆಗಿಲ್ಲ.

ಅಣ್ಣಂದಿರ ಪುಸ್ತಕದ ವಿಚಾರದಲ್ಲಿ ಜಗಳ ಬೇಡ, ಆದರೆ ಪುಸ್ತಕ ಈಗಲೇ ಬೇಡ. ಈ ವರ್ಷ ಅಚ್ಚು ಹಾಕಿಸಿದರೆ ಅದರಲ್ಲಿ ಬರುವುದು ಹುಟ್ಟಿದ ದಿನ, ಹೋದ ದಿನ, ಮದುವೆಯ ಫೋಟೊ, ಒಂದು ಶ್ಲೋಕ. ಮೂರು ಮನೆಗಳನ್ನೂ ಸುತ್ತಿಬಂದ ಮೇಲೆ ಆ ಮನೆಯವರಿಂದಲೇ ತಲಾ ನಾಲ್ಕು ಪುಟ ಬರೆಸಿ, ಡೈರಿಯ ಪುಟಗಳ ಚಿತ್ರಗಳನ್ನೂ ಸೇರಿಸಿ. ನಮ್ಮ ತಾಯಿಯ ಕಾಗದಗಳಲ್ಲಿ ‘ಹುಂಚದಕಟ್ಟೆ, ಎರಡು ದಿನ’ ಎಂಬ ಸಾಲು ಮೂರು ಸಲ ಬರುತ್ತದೆ. ಯಾರ ಮನೆಯಲ್ಲಿ ಆ ಎರಡು ದಿನ ಇದ್ದರೆಂದು ಹೇಳಬಹುದಾಗಿದ್ದ ಚಿಕ್ಕಮ್ಮ ಶಿವಮೊಗ್ಗದಲ್ಲಿ ನಮ್ಮ ಮನೆಯಿಂದ ನಾಲ್ಕು ಬೀದಿಯಾಚೆ ಇದ್ದರು. ಈ ದಸರೆಗೆ ಕೇಳೋಣ, ಬರುವ ಯುಗಾದಿಗೆ ಕೇಳೋಣ ಎಂದು ನಾನು ಮುಂದೆ ಹಾಕುತ್ತಾ ಬಂದೆ. ನೀವು ಹಾಗೆ ಮಾಡಬೇಡಿ.

ಪ್ರಶ್ನೆ: ನಮ್ಮದು ಮುಳುಗಡೆಯವರ ಮನೆ. ನಮ್ಮ ಅತ್ತೆಯವರ ತವರು ಶರಾವತಿ ಹಿನ್ನೀರಿನ ಕೆಳಗಿದೆ. ಕೊನೆಯವರೆಗೂ ಅವರು ವರ್ಷಕ್ಕೊಮ್ಮೆ ಲಾಂಚಿನಲ್ಲಿ ಸಿಗಂದೂರಿಗೆ ಹೋಗುತ್ತಿದ್ದರು. ಹೊಳೆಯ ನಡುವೆ ಬಂದಾಗ ಕಂಬಿ ಹಿಡಿದು ಒಂದೇ ದಿಕ್ಕಿಗೆ ನೋಡುತ್ತಾ ನಿಲ್ಲುತ್ತಿದ್ದರು. ‘ಅಲ್ಲೇ ನಮ್ಮನೆ ದಣಪೆ’ ಎಂದು ಮನೆಯ ಬೇಲಿಬಾಗಿಲಿದ್ದ ಕಡೆ ತೋರಿಸುತ್ತಿದ್ದರು. ಅವರು ಹೋಗಿ ಎರಡು ವರ್ಷವಾಯಿತು. ಈಗ ಸೇತುವೆಯೂ ಆಗಿದೆ. ಅವರ ತವರಿನ ದಾರಿಯನ್ನು ಮೊಮ್ಮಕ್ಕಳಿಗೆ ತೋರಿಸೋಣವೆಂದರೆ ದಾರಿಯೇ ನೀರಿನಲ್ಲಿದೆ. ಏನು ಮಾಡಲಿ?
– ಭದ್ರಾವತಿ ತಾಲ್ಲೂಕಿನ ಓದುಗರು

ಉತ್ತರ: ನಿಮ್ಮ ಕಾಗದವನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ. ನಾಡಿಗೆ ದೀಪ ಬರಲೆಂದು ಮನೆ, ಗದ್ದೆ, ತೋಟ, ದೇವರ ಬನಗಳನ್ನು ಬಿಟ್ಟು ಎದ್ದುಹೋದವರ ಹೆಸರನ್ನು ನಾವು ಬಹಳ ಬೇಗ ಮರೆತೆವು. ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು 1940ರ ದಶಕದಲ್ಲಿ ಎದ್ದಾಗ ಕೆಲವು ಊರುಗಳು ಹೋದವು; 1964ರಲ್ಲಿ ಲಿಂಗನಮಕ್ಕಿ ಮುಗಿದು ನೀರು ನಿಂತಾಗ ಆ ಹಿರೇಭಾಸ್ಕರವೇ ಮುಳುಗಿತು, ಅದರೊಂದಿಗೆ ಕಣಿವೆಯೂ ಮುಳುಗಿತು. ಈಗ ಜಲಾಶಯದ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಮಳೆಗಾಲದ ವರದಿಯಲ್ಲಿ ಆ ಅಂಕಿಯನ್ನು ನಾವೆಲ್ಲ ಸಂತೋಷದಿಂದ ಓದುತ್ತೇವೆ. ನಿಮ್ಮ ಅತ್ತೆ ಅದನ್ನು ಬೇರೆ ರೀತಿಯಲ್ಲಿ ಓದುತ್ತಿದ್ದಿರಬೇಕು.

ಬೇಸಿಗೆಯ ಕೊನೆಗೆ, ಮಳೆ ತಡವಾದ ವರ್ಷಗಳಲ್ಲಿ, ನೀರು ಬಹಳ ಕೆಳಗೆ ಇಳಿದಾಗ ಹಿರೇಭಾಸ್ಕರದ ಕಟ್ಟೆ ಮೇಲೆ ಕಾಣಿಸುತ್ತದೆ, ಹಳೆಯ ನೆಲವೂ ಅಲ್ಲಲ್ಲಿ ತೆರೆದುಕೊಳ್ಳುತ್ತದೆ. ಅಂಥ ವರ್ಷ ಮೇ ತಿಂಗಳಲ್ಲಿ, ಆ ದಡದ ಊರಿನವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಕೆಸರು ಮೇಲೆ ಒಣಗಿದಂತೆ ಕಂಡರೂ ಕೆಳಗೆ ಹೂತುಕೊಳ್ಳುತ್ತದೆ, ಆದ್ದರಿಂದ ಮಕ್ಕಳನ್ನು ಮುಂದೆ ಬಿಡಬೇಡಿ. ಅತ್ತೆಯವರ ಮನೆಯ ಪಾಯವೇ ಸಿಕ್ಕೀತೆಂಬ ಆಸೆಯನ್ನು ಇಟ್ಟುಕೊಂಡು ಹೋಗುವುದೂ ಬೇಡ. 2025ರ ಜುಲೈಯಿಂದ ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವೆ ಸೇತುವೆಯ ಮೇಲೆ ಕೆಲವೇ ನಿಮಿಷಗಳಲ್ಲಿ ದಾಟಿಬಿಡಬಹುದು. ಹಿನ್ನೀರಿನಾಚೆಯ ತುಮರಿಯ ಕಡೆಯ ಬಾಣಂತಿಯರಿಗೂ ಕಾಯಿಲೆಯವರಿಗೂ ಅದು ಬಹಳ ತಡವಾಗಿ ಸಂದ ನ್ಯಾಯ, ಅದನ್ನು ಯಾರೂ ಅಲ್ಲಗಳೆಯಲಾರರು. ಆದರೆ ನಿಮ್ಮ ಕೆಲಸಕ್ಕೆ ಸೇತುವೆ ಒದಗುವುದಿಲ್ಲ. ಲಾಂಚು ಹತ್ತುತ್ತಿದ್ದ ಹೊಳೆಬಾಗಿಲಿನ ದಡದಲ್ಲಿ ಇಳಿದು, ಅವರು ಮುಖ ಮಾಡುತ್ತಿದ್ದ ದಿಕ್ಕಿಗೆ ನಿಂತು, ‘ಅಲ್ಲೇ ದಣಪೆ’ ಎಂಬ ಅವರ ಮಾತನ್ನು ಮಕ್ಕಳಿಗೆ ಹೇಳಿ.

ದಾರಿ ನೀರಿನಲ್ಲಿದೆ ಎಂದಿರಿ. ಅದು ಇನ್ನೊಂದು ಕಡೆಯೂ ಇದೆ. ಮುಳುಗಡೆಯವರು ಶಿವಮೊಗ್ಗ, ಭದ್ರಾವತಿ, ಹೊಸನಗರ, ತೀರ್ಥಹಳ್ಳಿ ಎಂದು ಎಲ್ಲೆಲ್ಲೋ ಹೋಗಿ ನೆಲೆಸಿದರು. ಒಂದು ಗದ್ದೆಯ ಅಂಚು ದಾಟಿದರೆ ಸಿಗುತ್ತಿದ್ದ ದೊಡ್ಡಪ್ಪನ ಮನೆ ನೂರು ಕಿಲೋಮೀಟರ್ ಆಚೆಗೆ ಹೋಯಿತು. ಅತ್ತೆಯವರ ತವರಿನ ಊರಿನಿಂದ ಯಾವ ಯಾವ ಮನೆಗಳು ಎದ್ದವು, ಅವು ಎಲ್ಲೆಲ್ಲಿ ಹೋಗಿ ಕೂತವು ಎಂಬ ಪಟ್ಟಿಯನ್ನು ಮೊದಲು ಮಾಡಿ. ಎಪ್ಪತ್ತು ದಾಟಿದವರು ಯಾರಿದ್ದಾರೋ ಅವರ ಮನೆಗಳಿಗೆ ಒಂದೊಂದಾಗಿ ಹೋಗಿ. ಹೋದಾಗ ಪುಸ್ತಕ ಪೆನ್ನುಗಳನ್ನು ಚೀಲದಲ್ಲೇ ಇಟ್ಟುಕೊಂಡು, ಜಗುಲಿಯ ಮೇಲೆ ಸೀಮೆಸುಣ್ಣವನ್ನೋ ರಂಗೋಲಿ ಪುಡಿಯನ್ನೋ ಕೊಟ್ಟು ‘ಊರನ್ನು ಬರೆದು ತೋರಿಸಿ’ ಎನ್ನಿ. ಮಾತಿನಲ್ಲಿ ಕೇಳಿದರೆ ‘ಎಲ್ಲ ಹೋಯ್ತು ಮಾರಾಯ್ತಿ’ ಎಂದು ಮುಗಿಸಿಬಿಡುವ ಹಿರಿಯರು, ಕೈಗೆ ಸುಣ್ಣ ಕೊಟ್ಟರೆ ಕಡವು ಎಲ್ಲಿತ್ತು, ಸಂಕ ಯಾವ ಮರದ್ದು, ಯಾರ ಮನೆ ಹಲಸು ಸಿಹಿ, ಹೆಣ್ಣನ್ನು ಗಂಡನ ಮನೆಗೆ ಕಳಿಸುವಾಗ ಎಲ್ಲಿಯವರೆಗೆ ಬಂದು ನಿಲ್ಲುತ್ತಿದ್ದರು ಎಂಬುದನ್ನೆಲ್ಲ ಬರೆಯುತ್ತಾ ಹೋಗುತ್ತಾರೆ. ಇಬ್ಬರ ಚಿತ್ರ ಒಂದೇ ರೀತಿ ಇರುವುದಿಲ್ಲ. ತಿದ್ದಲು ಹೋಗಬೇಡಿ, ಎರಡನ್ನೂ ಫೋಟೊ ತೆಗೆದಿಡಿ.

ಊರಿನ ಹೆಸರಿಗೆ ಬರವಣಿಗೆಯ ಆಧಾರ ಬೇಕೆನ್ನಿಸಿದರೆ, ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ 8ನೆಯ ಸಂಪುಟವನ್ನು ದೊಡ್ಡ ಗ್ರಂಥಾಲಯದಲ್ಲಿ ಕೇಳಿ. ಸೊರಬ, ಸಾಗರ, ನಗರ, ತೀರ್ಥಹಳ್ಳಿ ತಾಲ್ಲೂಕುಗಳ ಶಾಸನಗಳನ್ನು ಅದರಲ್ಲಿ ಊರಿನ ಹೆಸರಿನೊಂದಿಗೆ ಕೊಟ್ಟಿದೆ. ಅದು ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಅಚ್ಚಾದದ್ದು, ಅಂದರೆ ಎರಡೂ ಅಣೆಕಟ್ಟುಗಳಿಗಿಂತ ಮುಂಚಿನದು. ಅತ್ತೆಯವರ ಊರಿನಲ್ಲಿ ಒಂದು ವೀರಗಲ್ಲೋ ಮಾಸ್ತಿಕಲ್ಲೋ ಇದ್ದು, ಅದರ ಮೇಲಿನ ಬರಹವನ್ನು ರೈಸ್ ಅವರು ಓದಿಸಿಕೊಂಡಿದ್ದರೆ, ಆ ಊರಿನ ಹೆಸರು ಅಲ್ಲಿ ಅಚ್ಚಿನಲ್ಲಿರುತ್ತದೆ. ನೀರಿನಡಿ ಹೋದ ಊರೊಂದರ ಹೆಸರನ್ನು ಮೊಮ್ಮಗಳು ಬೆರಳಿಟ್ಟು ಓದುವಂತಾದರೆ ಅದು ಸಣ್ಣ ಸಂಗತಿಯಲ್ಲ.

ಪ್ರಶ್ನೆ: ಕೆಲವು ತಿಂಗಳ ಹಿಂದೆ ಅಮ್ಮ ಹೋದರು. ಅವರಿಗೆ ಎಳ್ಳಮಾವಾಸ್ಯೆ ಜಾತ್ರೆ ಎಂದರೆ ಪ್ರಾಣ. ದೂರದ ನೆಂಟರೆಲ್ಲ ಸೇರುತ್ತಿದ್ದುದೂ ಆಗಲೇ. ಅವರ ನೆನಪಿಗಾಗಿ ಜಾತ್ರೆಗೆ ಹೋಗೋಣವೆಂದರೆ ವರ್ಷದೊಳಗೆ ಕೂಡದು ಎಂದು ಹಿರಿಯರು ತಡೆಯುತ್ತಾರೆ. ತಂಗಿ ಹಟ ಹಿಡಿದಿದ್ದಾಳೆ. ಯಾರ ಮಾತು ಕೇಳಲಿ?
– ತೀರ್ಥಹಳ್ಳಿಯ ಓದುಗರು

ಉತ್ತರ: ಹಿರಿಯರ ಮಾತನ್ನು ಕೇಳಿ. ವರ್ಷದೊಳಗೆ ಜಾತ್ರೆ, ತೀರ್ಥಯಾತ್ರೆ, ಬೆಟ್ಟದ ದೇವರು ಬೇಡವೆಂಬುದು ನಮ್ಮ ಕಡೆಯ ಬಹಳಷ್ಟು ಮನೆಗಳ ನಡವಳಿಕೆ. ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೆ ಅದು ಎಷ್ಟರಮಟ್ಟಿಗೆ ಅನ್ವಯಿಸುತ್ತದೆಂಬುದು ಮನೆಯಿಂದ ಮನೆಗೆ ಬೇರೆಯಾಗುತ್ತದೆ, ಅದನ್ನು ನಿಮ್ಮ ಮನೆಯ ಹಿರಿಯರೇ ಹೇಳಬೇಕು. ಮಾರ್ಗಶಿರದ ಅಮಾವಾಸ್ಯೆ ಬರುವ ವರ್ಷವೂ ಬರುತ್ತದೆ, ರಾಮೇಶ್ವರನ ತೇರೂ ತುಂಗೆಯೂ ಅಲ್ಲೇ ಇರುತ್ತವೆ. ತಂಗಿಗೂ ಒಂದು ಮಾತು ಹೇಳಬೇಕು: ಅವಳ ಹಟದಲ್ಲಿ ನನಗೆ ತಪ್ಪು ಕಾಣಲಿಲ್ಲ. ಅಮ್ಮನ ಜಾತ್ರೆ ಎಂದರೆ ತೇರು ಮಾತ್ರವಾಗಿರಲಿಲ್ಲ, ಆ ಮೂರು ದಿನ ನಿಮ್ಮ ಮನೆಯಲ್ಲಿ ಇಳಿದುಕೊಳ್ಳುತ್ತಿದ್ದ ನೆಂಟರ ಸಾಲು ಚಾಪೆಗಳೂ ಹೌದು. ಅವರನ್ನು ಈ ವರ್ಷವೂ ಕರೆಯಿರಿ. ತೇರಿಗೆ ಹೋಗುವವರು ಹೋಗಿಬರಲಿ, ನೀವು ಮನೆಯಲ್ಲಿದ್ದು ಅವರಿಗೆ ಅಡಿಗೆ ಮಾಡಿ ಬಡಿಸಿ. ಅಮ್ಮನೂ ಜಾತ್ರೆಯ ಹೆಚ್ಚಿನ ಹೊತ್ತನ್ನು ಅಡಿಗೆಮನೆಯಲ್ಲೇ ಕಳೆದಿರಬೇಕಲ್ಲವೇ?

ಪ್ರಶ್ನೆ: ನಮ್ಮ ಯಜಮಾನರು ಶಾಲಾ ಶಿಕ್ಷಕರಾಗಿದ್ದರು. ರಜೆ ಬಂದರೆ ಸಾಕು, ನಮ್ಮನ್ನೂ ಅಕ್ಕತಂಗಿಯರ ಮಕ್ಕಳನ್ನೂ ಕಟ್ಟಿಕೊಂಡು ಜೋಗ, ಇಕ್ಕೇರಿ, ಬಳ್ಳಿಗಾವಿ, ಕವಲೇದುರ್ಗ ಎಂದು ಹೊರಡುತ್ತಿದ್ದರು. ನೂರಾರು ಫೋಟೊಗಳಿವೆ, ಆದರೆ ತೆಗೆದವರು ಅವರೇ ಆದ್ದರಿಂದ ಒಂದರಲ್ಲೂ ಅವರಿಲ್ಲ. ಆಲ್ಬಮ್ಮಿನ ಅಂಟುಹಾಳೆಗೆ ಫೋಟೊಗಳು ಹಿಡಿದುಕೊಂಡಿವೆ, ಕೆಲವಕ್ಕೆ ಬೂಷ್ಟು ಬಂದಿದೆ. ಎಲ್ಲವನ್ನೂ ಲ್ಯಾಮಿನೇಷನ್ ಮಾಡಿಸಿ ಎಂದು ಒಬ್ಬರು ಹೇಳಿದರು. ಮಾಡಿಸಲೇ?
– ಶಿವಮೊಗ್ಗದ ಓದುಗರು

ಉತ್ತರ: ಲ್ಯಾಮಿನೇಷನ್ ಖಂಡಿತ ಬೇಡ. ಬಿಸಿಯಲ್ಲಿ ಅಂಟಿಸಿದ ಪ್ಲಾಸ್ಟಿಕ್ಕನ್ನು ಮತ್ತೆ ಬಿಡಿಸಲಾಗುವುದಿಲ್ಲ. ಒಳಗೆ ಸೇರಿದ ತೇವ ಅಲ್ಲೇ ಉಳಿದು ಚಿತ್ರವನ್ನು ತಿನ್ನುತ್ತದೆ. ಮಳೆಗಾಲ ಮುಗಿಯಲಿ, ಮಾಘದ ಒಣ ಹವೆಯಲ್ಲಿ ಕೆಲಸ ಶುರು ಮಾಡಿ. ಅಂಟುಹಾಳೆಯ ಫೋಟೊಗಳ ಅಡಿಗೆ ತೆಳುವಾದ ಗಟ್ಟಿ ನೂಲನ್ನು ತೂರಿಸಿ, ಗರಗಸದಂತೆ ಮೆಲ್ಲಗೆ ಎಳೆಯುತ್ತಾ ಬಿಡಿಸಿ. ಬಿಡದಿದ್ದರೆ ಬಲವಂತ ಮಾಡದೆ, ಆ ಪುಟವನ್ನು ಹಾಗೆಯೇ ಸ್ಕ್ಯಾನ್ ಮಾಡಿಸಿ. ಬೂಷ್ಟನ್ನು ಒದ್ದೆ ಬಟ್ಟೆಯಿಂದ ಒರೆಸಬೇಡಿ. ಜಗುಲಿಯ ನೆರಳಿನಲ್ಲಿ ಆರಲು ಬಿಟ್ಟು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮೆತ್ತನೆಯ ಒಣ ಕುಂಚದಿಂದ ಝಾಡಿಸಿ. ಆಮೇಲೆ ಕಾಗದದ ಲಕೋಟೆಗಳಲ್ಲಿ ಹಾಕಿ, ಉಕ್ಕಿನ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ, ಹೊರಗೋಡೆಗೆ ತಾಗದ ಕಪಾಟಿನಲ್ಲಿಡಿ. ಈಚಿನ ಬಸ್ಸಿನ ಯಂತ್ರದ ಚೀಟಿಗಳೇನಾದರೂ ಇದ್ದರೆ ಇಂದೇ ಫೋಟೊ ತೆಗೆದುಕೊಳ್ಳಿ, ಅವುಗಳ ಅಕ್ಷರ ತಾನಾಗಿ ಮಾಸಿಹೋಗುತ್ತದೆ.

ಅವರು ಒಂದರಲ್ಲೂ ಇಲ್ಲ ಎಂದಿರಿ. ನೆಗೆಟಿವ್‌ಗಳನ್ನು ಇಟ್ಟಿದ್ದಾರೆಯೇ ನೋಡಿ. ಆಗ ದುಡ್ಡು ಉಳಿಸಲು ಎಲ್ಲ ಚಿತ್ರಗಳನ್ನೂ ಪ್ರಿಂಟ್ ಹಾಕಿಸುತ್ತಿರಲಿಲ್ಲ. ಮಗುವೊಂದು ಹಟ ಮಾಡಿ ಕ್ಯಾಮೆರಾ ಕಿತ್ತುಕೊಂಡು ತೆಗೆದದ್ದು, ತಲೆ ಅರ್ಧ ಕತ್ತರಿಸಿಹೋದದ್ದು, ಅಲುಗಿದ್ದು, ಇವೆಲ್ಲ ಆ ಸುರುಳಿಗಳಲ್ಲೇ ಉಳಿದಿರುತ್ತವೆ. ಸ್ಟುಡಿಯೋದವರಿಗೆ ಕೊಟ್ಟು ಪ್ರತಿಯೊಂದು ಚೌಕಟ್ಟನ್ನೂ ಸ್ಕ್ಯಾನ್ ಮಾಡಿಸಿ. ಅದಕ್ಕಿಂತ ಮುಂಚೆ ಅವರ ಅಕ್ಕತಂಗಿಯರ ಮನೆಗಳ ಆಲ್ಬಮ್ಮುಗಳನ್ನು ತೆಗೆಸಿ ನೋಡಿ. ನಿಮ್ಮ ಮನೆಯ ಫೋಟೊಗಳಲ್ಲಿ ಇಲ್ಲದವರು ಆ ಮನೆಗಳ ನಾಮಕರಣ, ಉಪನಯನ, ಗೃಹಪ್ರವೇಶದ ಚಿತ್ರಗಳ ಹಿಂದಿನ ಸಾಲಿನಲ್ಲಿ, ಕುತ್ತಿಗೆಗೆ ಕ್ಯಾಮೆರಾ ನೇತುಹಾಕಿಕೊಂಡು ನಿಂತಿರುತ್ತಾರೆ ಎಂಬುದು ನನ್ನ ನಂಬಿಕೆ.

ಬಿಡಿಸಿದ ಪ್ರತಿಯೊಂದು ಫೋಟೊದ ಹಿಂದೆ ಮೆತ್ತನೆಯ ಪೆನ್ಸಿಲಿನಿಂದ ಬರೆಯಿರಿ, ಪೆನ್ನು ಬೇಡ. ಊರು, ವರ್ಷ, ಎಡದಿಂದ ಬಲಕ್ಕೆ ಯಾರು ಯಾರು, ಅಂದು ರಾತ್ರಿ ಯಾರ ಮನೆಯಲ್ಲಿ ಉಳಿದಿರಿ ಎಂಬುದು ಇರಲಿ. ನೀವು ಕಾಗದದ ಜೊತೆ ಕಳಿಸಿದ ಜೋಗದ ಚಿತ್ರವನ್ನು ಭೂತಗನ್ನಡಿ ಹಿಡಿದು ನೋಡಿದೆ. ಹಿಂದೆ ರಾಜಾ ಮತ್ತು ರೋರರ್ ಧಾರೆಗಳು, ಮುಂದೆ ಕಂಬಿಗೆ ಒರಗಿದ ನೀವು ಮತ್ತು ಐವರು ಮಕ್ಕಳು. ಆರು ಜನರೂ ಕ್ಯಾಮೆರಾದ ಕಡೆಗೆ ಬಿದ್ದುಬಿದ್ದು ನಗುತ್ತಿದ್ದೀರಿ, ಎದುರಿಗಿದ್ದವರು ಏನೋ ಹೇಳಿದ್ದಾರೆ. ಚಿತ್ರದ ಕೆಳ ಅಂಚಿನಲ್ಲಿ, ಕಿರಿಯ ಮಗುವಿನ ಕಾಲಿನ ಬಳಿ, ನೆಲದ ಮೇಲೆ ಒಂದು ನೆರಳಿದೆ. ಎರಡೂ ಮೊಣಕೈ ಹೊರಕ್ಕೆ ಚಾಚಿವೆ, ತಲೆ ತುಸು ಬಾಗಿದೆ. ಆ ಫೋಟೊದ ಹಿಂದೆ ಆರು ಹೆಸರುಗಳನ್ನು ಬರೆದಾದ ಮೇಲೆ ಏಳನೆಯದಾಗಿ ಅವರ ಹೆಸರನ್ನೂ ಬರೆಯಿರಿ.